40 ಕಿ.ಮೀ. ಟೈಮ್ ಟ್ರಯಲ್: ಗಂಟೆಯೊಳಗೆ ಮುಗಿಸೋಕೆ ಚಕ್ರ ಬದಲಿಸಲೋ, ಕಾಲು ಗಟ್ಟಿ ಮಾಡಿಕೊಳ್ಳಲೋ?

ಪ್ರಶ್ನೆ

ಎರಡು ವರ್ಷದಿಂದ ಸೈಕಲ್ ಟೈಮ್ ಟ್ರಯಲ್ (ಟಿಟಿ), ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸೋ ರೇಸು, ಓಡಿಸ್ತಿದ್ದೀನಿ. ಸಮತಟ್ಟಾದ 40 ಕಿ.ಮೀ.ಗೆ ನನ್ನ ಬೆಸ್ಟ್ ಟೈಮು 1 ಗಂಟೆ 4 ನಿಮಿಷ, ಕಾಲಿನ ಪವರ್ ಸರಾಸರಿ 250 ವಾಟ್. ಮಾಮೂಲಿ ರೋಡ್ ಬೈಕಿಗೇ (ರೇಸ್ ಸೈಕಲ್ಲಿಗೇ) ಏರೋ ಬಾರ್, ಅಂದರೆ ಮೊಣಕೈ ಊರಿ ಮುಂದಕ್ಕೆ ಬಾಗೋ ಹ್ಯಾಂಡಲ್, ಕೂರಿಸಿಕೊಂಡಿದ್ದೀನಿ. ಒಂದು ಸಲವಾದರೂ ಗಂಟೆಯೊಳಗೆ ಮುಗಿಸಬೇಕು ಅನ್ನೋ ಆಸೆ. ಕೂಡಿಟ್ಟ ದುಡ್ಡಿಗೆ ಡಿಸ್ಕ್ ವೀಲ್ (ಕಡ್ಡಿಗಳ ಬದಲು ತಟ್ಟೆಯಂತೆ ಮುಚ್ಚಿದ ಚಕ್ರ) ತಗೊಳ್ಳಲೋ, ಇಲ್ಲ ಪವರ್ ಹೆಚ್ಚಿಸೋದರ ಹಿಂದೆ ಬೀಳಲೋ? ಮಾಡಿ ನೋಡಿದವರು ಹೇಳಿ.

ಉತ್ತರ 1

ಡಿಸ್ಕ್ ವೀಲನ್ನು ಸದ್ಯಕ್ಕೆ ಮರೆತುಬಿಡಿ, ಮೂಗಿಗಿಂತ ಮೂಗುತಿ ಭಾರವಾಗುತ್ತೆ. ನಿಮ್ಮ ಅಂಕಿ ಇಟ್ಟುಕೊಂಡೇ ಲೆಕ್ಕ ಹಾಕಿದೆ. ಗಂಟೆಗೆ 37.5 ಕಿ.ಮೀ. ವೇಗಕ್ಕೆ 250 ವಾಟ್ ಹಿಡಿಯುತ್ತೆ ಅಂದರೆ ನಿಮ್ಮ ಸಿಡಿಎ, ಅಂದರೆ ಮೈ ಮತ್ತು ಬೈಕು ಸೇರಿ ಗಾಳಿಗೆ ಒಡ್ಡೋ ಅಡ್ಡಿಯ ಅಳತೆ, 0.30ರ ಆಸುಪಾಸಿನಲ್ಲಿದೆ. ಗಾಳಿ ಸೀಳೋಕೆ ಬೇಕಾದ ಪವರ್ ವೇಗದ ಘನದ ಲೆಕ್ಕದಲ್ಲಿ ಏರೋದರಿಂದ, ಈಗ ಕೂರೋ ರೀತಿಯಲ್ಲೇ ಕೂತು 40ರಲ್ಲಿ ಹೋಗೋಕೆ ಹತ್ತಿರ ಹತ್ತಿರ 300 ವಾಟ್ ಬೇಕು. 50 ವಾಟ್ ಜಾಸ್ತಿ! ಅದು ಒಂದು ಸೀಸನ್ನಿನ ಮಾತಲ್ಲ. ಅದೇ ಸಿಡಿಎಯನ್ನು 0.26ಕ್ಕೆ ಇಳಿಸಿದರೆ 265–270 ಸಾಕು. ಆ 15–20 ವಾಟ್ ಕಾಲಿಂದ ಬರಲಿ, ಅದು ಆಗೋ ಮಾತು.

ಗಾಳಿಗೆ ಅಡ್ಡ ನಿಲ್ಲೋದರಲ್ಲಿ ಮುಕ್ಕಾಲು ಪಾಲು ನಮ್ಮ ಮೈಯೇ, ಬೈಕಲ್ಲ. ಇದು ನನಗೆ ಮನದಟ್ಟಾಗಿದ್ದು ಫೋನಿನಿಂದ. ಬೈಕನ್ನು ಹೋಮ್ ಟ್ರೇನರ್ (ಮನೆಯೊಳಗೆ ನಿಂತಲ್ಲೇ ತುಳಿಯೋ ಸ್ಟ್ಯಾಂಡು) ಮೇಲೆ ನಿಲ್ಲಿಸಿ, ಎದುರಿಗೆ ಹ್ಯಾಂಡಲ್ ಎತ್ತರಕ್ಕೆ ಒಂದು ಸ್ಟೂಲಿನ ಮೇಲೆ ಫೋನಿಟ್ಟು ವಿಡಿಯೊ ಮಾಡಿದೆ. ಬಹಳ ಬಾಗಿ ಕೂತಿದ್ದೀನಿ ಅಂತಲೇ ನಂಬಿದ್ದೆ. ನೋಡಿದರೆ ಬಿಚ್ಚಿದ ಕೊಡೆ! ಮೊಣಕೈ ಎರಡೂ ಪಕ್ಕೆಯಿಂದಾಚೆ, ತಲೆ ಭುಜದ ಮೇಲೆ ಕಳಶದ ಹಾಗೆ. ಮೊದಲು ಮೊಣಕೈ ಪ್ಯಾಡುಗಳನ್ನು ತಲಾ ಎರಡು ಸೆಂ.ಮೀ. ಒಳಗೆ ತಂದೆ. ಆಮೇಲೆ ಆಮೆ ಹಾಗೆ ತಲೆಯನ್ನು ಭುಜದ ನಡುವೆ ಎಳೆದುಕೊಂಡು, ಕಣ್ಣು ಮಾತ್ರ ಮೇಲೆತ್ತಿ ನೋಡೋದನ್ನು ಕಲಿತೆ. ಖರ್ಚು ಸೊನ್ನೆ, ಆದರೆ ಕತ್ತು ಹೊಂದಿಕೊಳ್ಳೋಕೆ ಒಂದೂವರೆ ತಿಂಗಳು ಹಿಡಿಯಿತು.

ನಾನು ಎಡವಿದ್ದೂ ಹೇಳ್ತೀನಿ. ಹುಮ್ಮಸ್ಸಿನಲ್ಲಿ ಹ್ಯಾಂಡಲನ್ನು ಒಂದೇ ಸಲಕ್ಕೆ ನಾಲ್ಕು ಸೆಂ.ಮೀ. ಇಳಿಸಿಬಿಟ್ಟೆ. ಪೆಡಲು ಮೇಲೆ ಬಂದಾಗಲೆಲ್ಲ ತೊಡೆ ಹೊಟ್ಟೆಗೆ ಒತ್ತೋದು, ಉಸಿರು ಅರ್ಧಕ್ಕೇ ನಿಲ್ಲೋದು. ಗಾಳಿಯಲ್ಲಿ ಉಳಿಸಿದ್ದನ್ನೆಲ್ಲ ಕಾಲಿನಲ್ಲಿ ಕಳೆದುಕೊಂಡೆ. 172.5 ಮಿ.ಮೀ. ಕ್ರ್ಯಾಂಕ್ (ಪೆಡಲು ಕೂರೋ ತೋಳು) ತೆಗೆದು 165 ಹಾಕಿ, ಸೀಟನ್ನು ಅಷ್ಟೇ ಎತ್ತರಿಸಿದ ಮೇಲೆ ಸೊಂಟದ ಹತ್ತಿರ ಜಾಗ ಬಿಟ್ಟುಕೊಂಡು ಉಸಿರು ಸಲೀಸಾಯಿತು. ದುಡ್ಡು ಹಾಕೋದಾದರೆ ಮೊದಲು ಗಿಡ್ಡ ಕ್ರ್ಯಾಂಕಿಗೆ, ಮೈಗಂಟೋ ಸ್ಕಿನ್‌ಸೂಟಿಗೆ, ಏರೋ ಹೆಲ್ಮೆಟ್ಟಿಗೆ ಹಾಕಿ. ಡಿಸ್ಕ್ ಕೊನೆಗಿರಲಿ.

ಉತ್ತರ 2

ಮೇಲಿನವರ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ತಗ್ಗಿದಷ್ಟೂ ವೇಗ ಅನ್ನೋದು ಎಲ್ಲರ ಮೈಗೂ ಹೊಂದಲ್ಲ. ನನಗೆ ಮುಂಗೈ ಸ್ವಲ್ಪ ಮೇಲೆತ್ತಿ, ಕೈಯನ್ನು ಮುಖದ ಹತ್ತಿರ ತಂದಾಗಲೇ ವೇಗ ಸಿಕ್ಕಿದ್ದು. ಅಳೆದು ನೋಡದೆ ತಿಳಿಯಲ್ಲ. ಗಾಳಿಯಿಲ್ಲದ ಬೆಳಗಿನ ಜಾವ, ವಾಹನ ಓಡಾಡದ ಒಂದೇ ದಾರಿಯಲ್ಲಿ ಹೋಗಿ ಬನ್ನಿ, ಅದೇ ವಾಟ್, ಅದೇ ಬಟ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಕನಿಷ್ಠ ಮೂರು ಸಲ ಓಡಿಸಿ.

2022ರ ಆಗಸ್ಟ್‌ನಲ್ಲಿ ಗಂಟೆ ದಾಖಲೆಯನ್ನು, ಅಂದರೆ ಟ್ರ್ಯಾಕಿನಲ್ಲಿ ಒಂದು ಗಂಟೆಯಲ್ಲಿ ಸೈಕಲ್ ತುಳಿದ ದೂರದ ದಾಖಲೆಯನ್ನು, 55.548 ಕಿ.ಮೀ.ಗೆ ಏರಿಸಿದ ಡ್ಯಾನ್ ಬಿಗಮ್ ಮೂಲತಃ ಎಂಜಿನಿಯರ್. ಎರಡೇ ತಿಂಗಳಲ್ಲಿ ಅದನ್ನು 56.792ಕ್ಕೆ ಒಯ್ದ ಫಿಲಿಪ್ಪೊ ಗಾನ್ನಾನಷ್ಟು ಪವರ್ ಅವನ ಕಾಲಲ್ಲಿ ಇರಲಿಲ್ಲ. ಕೊರತೆ ತುಂಬಿಕೊಂಡಿದ್ದು ಇಂಥ ಅಳತೆಯಿಂದಲೇ.

ಉತ್ತರ 3

ಪವರ್ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲವಲ್ಲ. ಮೊದಲು ಒಂದು ಮಾತು ಕೇಳ್ತೀನಿ: ನಿಮ್ಮ ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ಪವರ್, ಅದರ ಟೆಸ್ಟ್ ಯಾವ ಭಂಗಿಯಲ್ಲಿ ಮಾಡಿದ್ದು? 20 ನಿಮಿಷದ ಸರಾಸರಿ ಪವರಿನ 95% ಅನ್ನೇ ಎಫ್‌ಟಿಪಿ ಅಂತ ಹಿಡಿಯೋದು ಎಲ್ಲರಿಗೂ ಗೊತ್ತು. ಆದರೆ ನೆಟ್ಟಗೆ ಕೂತು 270 ತಂದವನು ಏರೋ ಬಾರ್ ಮೇಲೆ ಬಾಗಿದಾಗ 255ಕ್ಕೇ ಸುಸ್ತಾಗೋದು ಮಾಮೂಲು. ಬಾಗಿದಾಗಿನ ಅಂಕಿಯೇ ನಿಮ್ಮ ಅಂಕಿ ಅಂತ ಇಟ್ಟುಕೊಳ್ಳಿ, ಗಟ್ಟಿ ಇಂಟರ್ವಲ್ಲುಗಳನ್ನೂ (ನಡುವೆ ಬಿಡುವು ಕೊಟ್ಟು ಜೋರಾಗಿ ತುಳಿಯೋ ಸುತ್ತುಗಳನ್ನೂ) ಹಾಗೇ ಬಾಗಿ ಮಾಡಿ.

ನಾನು ವಾರಕ್ಕೆ ಎರಡೇ ಗಟ್ಟಿ ದಿನ ಇಟ್ಟುಕೊಂಡೆ. ಒಂದು ದಿನ ಎಫ್‌ಟಿಪಿಯ 95–100%ರಲ್ಲಿ 12 ನಿಮಿಷದ ಮೂರು ಸುತ್ತು. ವಾರ ವಾರ ಎಳೆಯುತ್ತಾ 20 ನಿಮಿಷದ ಎರಡಕ್ಕೆ ತಂದೆ. ಇನ್ನೊಂದು ದಿನ 110%ರ ಆಚೀಚೆ 4 ನಿಮಿಷದ ಐದು ಸುತ್ತು. ಅದು ನರಕ, ಸುಳ್ಳು ಹೇಳಲ್ಲ. ಮೂಗಿನ ತುದಿಯಿಂದ ಬೆವರು ಸ್ಕ್ರೀನಿನ ಮೇಲೆ ತೊಟ್ಟಿಕ್ಕಿ ವಾಟ್ ಅಂಕಿಯೇ ಕಾಣದಾಗುತ್ತೆ. ಒಳಗೆ ಓಡಿಸೋದಾದರೆ ದೊಡ್ಡ ಫ್ಯಾನು ಇರಲೇಬೇಕು, ಇಲ್ಲದಿದ್ದರೆ ಕಾಲಿಗಿಂತ ಮೊದಲು ಸೆಕೆಯೇ ನಿಮ್ಮನ್ನು ಇಳಿಸುತ್ತೆ. ಮಿಕ್ಕ ದಿನ ಆರಾಮಾಗಿ, ಮಾತಾಡುತ್ತಾ ಹೋಗುವಷ್ಟು ನಿಧಾನ. ಈ ನಿಧಾನದಲ್ಲೇ ಹೆಚ್ಚಿನವರು ಕೆಡೋದು, ಅಲ್ಲಿ 'ಸ್ವಲ್ಪ' ಜೋರು ಮಾಡಿ ಗಟ್ಟಿ ದಿನಕ್ಕೆ ಕಾಲು ಉಳಿಸಿಕೊಳ್ಳಲ್ಲ.

ರೇಸಿನಲ್ಲಿ ಆರಂಭಶೂರತ್ವ ಬೇಡ. ಮೊದಲ ಐದು ನಿಮಿಷ 280 ಕೂಡ ಬೆಣ್ಣೆ ಹಾಗನ್ನಿಸುತ್ತೆ, 25ನೇ ಕಿ.ಮೀ.ನಲ್ಲಿ ಬಡ್ಡಿ ಸಮೇತ ಕಟ್ಟಬೇಕಾಗುತ್ತೆ. ಗುರಿಗಿಂತ ಹತ್ತು ವಾಟ್ ಕಡಿಮೆಯಲ್ಲೇ ಹೊರಡಿ. ಎದುರುಗಾಳಿಯಲ್ಲಿ, ಏರಿನಲ್ಲಿ ಹತ್ತು ಹದಿನೈದು ಜಾಸ್ತಿ. ಗಾಳಿ ಬೆನ್ನಿಗಿದ್ದಾಗ ಅಷ್ಟೇ ಬಿಡಿ. ನಿಧಾನವಾಗಿ ಸಾಗೋ ಕಡೆಯೇ ಹೆಚ್ಚು ಹೊತ್ತು ಕಳೆಯೋದು, ಹಾಗಾಗಿ ಅಲ್ಲಿ ಹಾಕಿದ ವಾಟ್‌ಗೆ ಹೆಚ್ಚು ಸೆಕೆಂಡು ವಾಪಸ್ ಬರುತ್ತೆ. ಹೊರಡೋ ಮುಂಚೆ ಪವರ್ ಮೀಟರನ್ನು ಸೊನ್ನೆಗೆ ತರೋದು ಮರೆಯಬೇಡಿ.

ಉತ್ತರ 4

ಟೈರಿನ ಮಾತೇ ಬರಲಿಲ್ಲ! ಪಂಕ್ಚರ್ ಆಗದಿರಲಿ ಅಂತ ಹಾಕಿಕೊಂಡ ದಪ್ಪ ಟ್ರೇನಿಂಗ್ ಟೈರಿನಲ್ಲೇ ರೇಸಿಗೂ ಹೋಗ್ತಿದ್ದರೆ, ಎರಡೂ ಚಕ್ರ ಸೇರಿ ಹತ್ತು ಇಪ್ಪತ್ತು ವಾಟ್ ರಸ್ತೆಗೆ ಸುರಿದ ಹಾಗೆ. ಒಳ್ಳೆ ರೇಸ್ ಟೈರು, ಒಳಗೆ ಲ್ಯಾಟೆಕ್ಸ್ ಟ್ಯೂಬು: ಡಿಸ್ಕಿಗೆ ಕೊಡೋ ದುಡ್ಡಿನ ಚೂರೂ ಆಗಲ್ಲ. ಗಾಳಿ ಕಲ್ಲಿನಂತೆ ತುಂಬಬೇಡಿ, ಒರಟು ರಸ್ತೆಯಲ್ಲಿ ಗಾಳಿ ಸ್ವಲ್ಪ ಕಡಿಮೆಯಿದ್ದರೇ ವೇಗ ಹೆಚ್ಚು.

ಆದರೆ ಲ್ಯಾಟೆಕ್ಸ್ ರಾತ್ರಿ ಕಳೆಯೋದರೊಳಗೆ ಗಾಳಿ ಬಿಡುತ್ತೆ. ಹಿಂದಿನ ದಿನವೇ ತುಂಬಿಸಿಟ್ಟು ನಿಶ್ಚಿಂತೆಯಿಂದ ಮಲಗಿದ್ದೆ. ಸ್ಟಾರ್ಟಿನಲ್ಲಿ ಹೆಬ್ಬೆರಳು ಒತ್ತಿದರೆ ಟೈರು ಒಳಗೆ ಹೋಯಿತು. ಪಂಪು ಕಾರಿನಲ್ಲಿ, ಕಾರು ಎರಡು ಕಿ.ಮೀ. ಹಿಂದೆ.

ಕೇಳಿದವರ ಮರುಮಾತು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿಯೇ ಸ್ಟೂಲಿಟ್ಟು ವಿಡಿಯೊ ಮಾಡಿದೆ. ನಂದು ಕೊಡೆಯಲ್ಲ, ಟೆಂಟು. ಎಫ್‌ಟಿಪಿ ಟೆಸ್ಟ್ ನೆಟ್ಟಗೆ ಕೂತೇ ಮಾಡಿದ್ದು, ಒಪ್ಪಿಕೊಳ್ತೀನಿ. ಪ್ಯಾಡು ಒಂದೂವರೆ ಸೆಂ.ಮೀ. ಒಳಗೆ ತಂದು ಹತ್ತು ನಿಮಿಷ ತುಳಿದೆ, ಈಗ ಕತ್ತು ತಿರುಗಿಸೋಕಾಗ್ತಿಲ್ಲ. ಭಾನುವಾರ ಬಾಗಿಯೇ ಟೆಸ್ಟ್ ಮಾಡಿ ಅಂಕಿ ಹಾಕ್ತೀನಿ.