ಬ್ಲೆಂಡೆಡ್ ಕೋರ್ಸಿನಲ್ಲಿ ಫೋನಿಗೆ ಏನು ಕಳಿಸಬೇಕು, ಕ್ಲಾಸಿಗೆ ಏನು ಉಳಿಸಬೇಕು?

ಮಂಜರಾಬಾದ್ ಮೇಡಂ

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮುಂದಿನ ಸೆಮಿಸ್ಟರಿನಿಂದ ಹೊಯ್ಸಳರ ಪೇಪರನ್ನು ಬ್ಲೆಂಡೆಡ್ ಆಗಿ ನಡೆಸಬೇಕೆಂದು ವಿಭಾಗದಲ್ಲಿ ತೀರ್ಮಾನವಾಗಿದೆ. ವಾರದ ನಾಲ್ಕು ಗಂಟೆಯಲ್ಲಿ ಮೂರು ಕ್ಲಾಸಿನಲ್ಲಿ, ಒಂದು ಆನ್‌ಲೈನಿನಲ್ಲಿ. ಒಂದು ಕೋರ್ಸಿನ ಶೇ. 40ರವರೆಗೆ ಆನ್‌ಲೈನ್ ಮಾಡಬಹುದು ಎಂದು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2021ರ ಟಿಪ್ಪಣಿ ಹೇಳಿತ್ತು. ನಾವು ಅಷ್ಟು ದೂರ ಹೋಗುತ್ತಿಲ್ಲ.

ನನ್ನ ಚಿಂತೆ ಮಕ್ಕಳದ್ದು. ಹೆತ್ತೂರು, ಯಸಳೂರು, ಹಾನುಬಾಳು ಕಡೆಯಿಂದ ಬರುವವರೇ ಜಾಸ್ತಿ. ಮಳೆ ಹಿಡಿಯಿತೆಂದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಟವರೂ ಹೋಗುತ್ತದೆ. ಕೆಲವು ಹೆಣ್ಣುಮಕ್ಕಳ ಕೈಗೆ ಫೋನು ಸಿಗುವುದು ಅಣ್ಣ ತೋಟದಿಂದ ಬಂದ ಮೇಲೆ. ಹಾಗಾಗಿ ಲೈವ್ ಕ್ಲಾಸಿನ ಮಾತೇ ಇಲ್ಲ. ಆ ಒಂದು ಗಂಟೆಗೆ ಏನು ಕೊಡಲಿ? ದೇವಸ್ಥಾನಗಳ ವಿಡಿಯೊನಾ, ರಾಜರ ವಂಶಾವಳಿನಾ? ಸುಮ್ನೆ ಲೆಕ್ಕಕ್ಕೆ ಒಂದು ಲಿಂಕ್ ಹಾಕಿ ಕೈತೊಳೆದುಕೊಳ್ಳಲು ಮನಸ್ಸು ಬರುತ್ತಿಲ್ಲ. ಮಾಡಿ ನೋಡಿದವರು ಹೇಳಿ.

ಚಿಕ್ಕಮಗಳೂರು ಮೇಷ್ಟ್ರು

ಮೇಡಂ, ನಾನೂ ಇತಿಹಾಸದವನೇ. ಮೊದಲ ಮಾತು: ಆನ್‌ಲೈನಿಗೆ ಎಷ್ಟು ಹಾಕುತ್ತೀರೋ ಅಷ್ಟನ್ನು ಕ್ಲಾಸಿನಿಂದ ತೆಗೆಯಲೇಬೇಕು. ಹಳೇ ಪಾಠ ಹಾಗೇ ಇಟ್ಟುಕೊಂಡು ಅದರ ಮೇಲೆ ವಿಡಿಯೊ, ಕ್ವಿಜ್ ಪೇರಿಸಿದರೆ ಮಕ್ಕಳ ತಲೆಗೆ ಒಂದೂವರೆ ಕೋರ್ಸು ಬೀಳುತ್ತದೆ. ಬ್ಲೆಂಡೆಡ್ ಅಂದರೆ ಮಕ್ಕಳು ಬೇಸರಪಡುವುದು ಹೆಚ್ಚಾಗಿ ಇದಕ್ಕೇ.

ಫೋನಿಗೆ ಹೋಗಬೇಕಾದ್ದು ಒಬ್ಬರೇ ಕೂತು, ನಿಲ್ಲಿಸಿ ನಿಲ್ಲಿಸಿ ಕೇಳಬಹುದಾದ ಪಾಠ. ಸೊಸೆವೂರಿನ ಹೊಯ್ಸಳರು ಬೇಲೂರಿಗೆ, ದ್ವಾರಸಮುದ್ರಕ್ಕೆ (ಈಗಿನ ಹಳೇಬೀಡು) ಬಂದದ್ದು, ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ್ದು, ವಂಶಾವಳಿ, ಇಂಥವು. ಇದಕ್ಕೆ ವಿಡಿಯೊ ಬೇಡವೇ ಬೇಡ. ನಿಮ್ಮದೇ ದನಿಯಲ್ಲಿ ಐದಾರು ನಿಮಿಷದ ಆಡಿಯೊ, ಜೊತೆಗೆ ಒಂದು ಪುಟದ ಪಿಡಿಎಫ್ ಸಾಕು. ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣದ ಕೋರ್ಸುಗಳ ಮೇಲೆ 2014ರಲ್ಲಿ ಬಂದ ಅಧ್ಯಯನದಲ್ಲೂ ಆರು ನಿಮಿಷ ದಾಟಿದ ವಿಡಿಯೊಗಳಲ್ಲಿ ಜನರ ಗಮನ ಇಳಿದದ್ದು ಕಂಡಿತ್ತು.

ಶಿಲ್ಪಕ್ಕೆ ವಿಡಿಯೊಗಿಂತ ಫೋಟೊ ಒಳ್ಳೆಯದು. ವಿಡಿಯೊದಲ್ಲಿ ಕ್ಯಾಮೆರಾ ಓಡುತ್ತಿರುತ್ತದೆ. ಫೋಟೊವನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಅಲ್ವಾ? ಹಳೇಬೀಡಿನ ಗೋಡೆಯ ಬುಡದ ಒಂದೇ ಒಂದು ಫೋಟೊ ಕಳಿಸಿ. ಕೆಳಗಿನಿಂದ ಮೇಲಕ್ಕೆ ಯಾವ ಯಾವ ಸಾಲು ಇದೆ ಎಂದು ಮಕ್ಕಳೇ ಬರೆದು ತರಲಿ. ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು ಅಂತ ಶುರುವಾಗಿ ಮೇಲೆ ಹಂಸದ ತನಕ. ಆನೆಯ ಸಾಲು ಯಾಕೆ ಎಲ್ಲಕ್ಕಿಂತ ಕೆಳಗಿದೆ ಎಂಬ ಪ್ರಶ್ನೆಯನ್ನು ಮಾತ್ರ ಕ್ಲಾಸಿಗೆ ಇಟ್ಟುಕೊಳ್ಳಿ.

ಕ್ಲಾಸಿನಲ್ಲಿ ಶಾಸನ ಓದಿಸಿ. ನಮ್ಮ ಎರಡು ಜಿಲ್ಲೆಗಳಲ್ಲಿ ಇತಿಹಾಸ ಕಲಿಸುವವರಿಗೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ. ನಮ್ಮ ಕಡೆಯ ಶಾಸನಗಳನ್ನು ಜಿಲ್ಲಾವಾರು ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿವೆ. ಬಿ.ಎಲ್. ರೈಸ್ ಸಂಪಾದಿಸಿದ ಆವೃತ್ತಿಯಲ್ಲಿ ಹಾಸನ 5ನೇ ಸಂಪುಟ. ಆಗಿನ ಕಡೂರು ಜಿಲ್ಲೆ, ಅಂದರೆ ನಮ್ಮ ಚಿಕ್ಕಮಗಳೂರು, 6ನೇ ಸಂಪುಟ. ನಿಮ್ಮ ಸಕಲೇಶಪುರ ತಾಲ್ಲೂಕನ್ನು ಹಾಸನದ ಸಂಪುಟದಲ್ಲಿ ಮಂಜರಾಬಾದ್ ಎಂಬ ಹಳೇ ಹೆಸರಿನಲ್ಲೇ ಹುಡುಕಬೇಕು. ಮಕ್ಕಳ ಹೋಬಳಿಯದೇ ಒಂದು ದಾನಶಾಸನ ಆರಿಸಿ, ಜೆರಾಕ್ಸ್ ಮಾಡಿಸಿ, ನಾಲ್ಕು ನಾಲ್ಕು ಜನಕ್ಕೆ ಒಂದು ಕೊಡಿ. ಕೊಟ್ಟವರು ಯಾರು, ಏನು ಕೊಟ್ಟರು, ಎಲ್ಲೆ ಎಲ್ಲಿಂದ ಎಲ್ಲಿಗೆ, ಕೊನೆಯಲ್ಲಿ ಶಾಪ ಯಾರಿಗೆ? ಎಲ್ಲೆ ಹೇಳುವ ಸಾಲಿನಲ್ಲಿ ಕೆರೆ, ಹಳ್ಳ, ಕಲ್ಲು ಬರುತ್ತವೆ. "ಸರ್, ಇದು ನಮ್ಮ ಗದ್ದೆ ಹಿಂದಿನ ಕೆರೆ ಇರಬಹುದಾ?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಾಗ ಇಡೀ ಕ್ಲಾಸು ಎದ್ದು ಕೂತಿದ್ದನ್ನು ನೋಡಿದ್ದೇನೆ. ಹಳಗನ್ನಡದ ತೊಡಕು ಬಂದಾಗ ಮೇಷ್ಟ್ರು ಪಕ್ಕದಲ್ಲೇ ಇರಬೇಕು. ಫೋನಿನಲ್ಲಿ ಈ ಕೆಲಸ ಆಗುವುದಿಲ್ಲ.

ಇನ್ನೊಂದು. ಆಡಿಯೊದಲ್ಲಿ ಹೇಳಿದ್ದನ್ನು ಕ್ಲಾಸಿನಲ್ಲಿ ದಯವಿಟ್ಟು ಮತ್ತೆ ಹೇಳಬೇಡಿ. ಹೇಳಿದರೆ ಮುಂದಿನ ವಾರ ಯಾರೂ ಕೇಳಿಕೊಂಡು ಬರುವುದಿಲ್ಲ. ಬದಲಿಗೆ, ಒಳಗೆ ಬರುವಾಗ ಒಂದೊಂದು ಚೀಟಿ ತೆಗೆದುಕೊಳ್ಳಿ: "ಯಾವುದು ಅರ್ಥವಾಗಲಿಲ್ಲ?" ಅಲ್ಲಿಂದಲೇ ಪಾಠ ಶುರು ಮಾಡಿ.

ಕೊಟ್ಟಿಗೆಹಾರದ ವಿದ್ಯಾರ್ಥಿ

ಮೇಡಂ, ನಾನು ಬಿ.ಎ. ಓದುತ್ತಿದ್ದೇನೆ. ನಮ್ಮ ಕಡೆಯಿಂದ ಒಂದೆರಡು ವಿಷಯ. ಫೈಲು ಎಷ್ಟು ಎಂಬಿ ಎಂದು ಪಕ್ಕದಲ್ಲೇ ಬರೆಯಿರಿ. ಕಾಲೇಜು ಬಿಡುವ ಮೊದಲೇ ಹಾಕಿದರೆ ಪೇಟೆಯಲ್ಲಿ ಬಸ್ಸು ಕಾಯುವಾಗ ಇಳಿಸಿಕೊಳ್ಳುತ್ತೇವೆ. ಮನೆಗೆ ಹೋದ ಮೇಲೆ ನೆಟ್‌ವರ್ಕ್ ನಂಬಲು ಆಗುವುದಿಲ್ಲ. ರಾತ್ರಿ 12ಕ್ಕೆ ಗೂಗಲ್ ಫಾರ್ಮ್ ಮುಚ್ಚುವುದಂತೂ ಬೇಡ. ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದು ಕ್ಲಾಸಿಗೆ ತರುತ್ತೇವೆ ಮೇಡಂ, ನಮಗೆ ಅದೇ ಸಲೀಸು.

ಹಾಸನ ಕೆಮಿಸ್ಟ್ರಿ

ವಿಜ್ಞಾನಕ್ಕೂ ಇದೇ ಲೆಕ್ಕ. ಟೈಟ್ರೇಷನ್‌ಗೆ (ದ್ರಾವಣದ ಸಾಂದ್ರತೆ ಅಳೆಯುವ ಪ್ರಯೋಗ) ಮೊದಲು ಬ್ಯುರೆಟ್ ಎಂಬ ಅಳತೆಯ ಗಾಜಿನ ಕೊಳವೆ ತೊಳೆದು ತುಂಬಿ ರೀಡಿಂಗ್ ನೋಡುವ ಎರಡು ನಿಮಿಷದ ವಿಡಿಯೊ ಕಳಿಸುತ್ತೇನೆ. ನಮ್ಮದೇ ಲ್ಯಾಬಿನಲ್ಲಿ, ನಮ್ಮದೇ ಬ್ಯುರೆಟ್ಟಿನಲ್ಲಿ ತೆಗೆದದ್ದು. ಬೇರೆಯವರ ಚಂದದ ವಿಡಿಯೊಗಿಂತ ಮಕ್ಕಳು ಇದನ್ನೇ ಜಾಸ್ತಿ ನೋಡುತ್ತಾರೆ. ಲ್ಯಾಬಿಗೆ ಬಂದ ಕೂಡಲೇ ಕೈ ಹಚ್ಚುತ್ತಾರೆ.

ಮಂಜರಾಬಾದ್ ಮೇಡಂ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಂಬಿ ಬರೆಯುವುದು ನನಗೆ ಹೊಳೆದೇ ಇರಲಿಲ್ಲಪ್ಪ, ಖಂಡಿತ ಬರೆಯುತ್ತೇನೆ. ಸೊಸೆವೂರು ಅಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿ, ನಮಗೆ ಹತ್ತಿರವೇ. ಮೊದಲ ಆಡಿಯೊ ಅದರದ್ದೇ ಮಾಡಿ, ಮಳೆ ಬಿಟ್ಟ ಮೇಲೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಮೇಷ್ಟ್ರೇ, ಒಂದು ಕೇಳಬೇಕಿತ್ತು. ಚೀಟಿಗೆ ಇಂಟರ್ನಲ್ ಮಾರ್ಕ್ಸ್ ಇಡಬಹುದಾ?

ಚಿಕ್ಕಮಗಳೂರು ಮೇಷ್ಟ್ರು

ಬೇಡ ಮೇಡಂ. ಮಾರ್ಕ್ಸ್ ಇಟ್ಟರೆ ಅರ್ಥವಾಗದ್ದನ್ನು ಯಾರೂ ಬರೆಯುವುದಿಲ್ಲ, ಎಲ್ಲ ಅರ್ಥವಾಗಿದೆ ಅಂತಲೇ ಬರೆಯುತ್ತಾರೆ. ಶಾಸನದ ಕೆಲಸಕ್ಕೆ ಇಡಿ. ಗುಂಪಿಗೆ ಅರ್ಧ, ಒಬ್ಬೊಬ್ಬರೂ ಬರೆದ ಒಂದು ಪುಟಕ್ಕೆ ಅರ್ಧ. ನೀವು ಆರಿಸಿದ ಶಾಸನದ ಸಂಖ್ಯೆ ಇಲ್ಲಿ ಹಾಕಿ, ನಾನೂ ಓದಿ ನೋಡುತ್ತೇನೆ.