ಆರನೇ ಕ್ಲಾಸಿಗೆ ಸ್ಕೂಲ್ ಹುಡುಕ್ತಿದೀವಿ, ಗೇಟ್ ಮೇಲಿರೋ ಸಾಧನೆ ಫ್ಲೆಕ್ಸ್ ನೋಡಿ ಸೇರಿಸ್ಬೋದಾ?

ಆಲೂರ್_ಅಮ್ಮ
ಎಲ್ರಿಗೂ ನಮಸ್ಕಾರ. ನಮ್ದು ಆಲೂರು ತಾಲೂಕು, ಮಗಳು ಈಗ ಐದನೇ ಕ್ಲಾಸು, ಊರಿನ ಶಾಲೆ ಐದಕ್ಕೇ ಮುಗಿಯುತ್ತೆ. ಮುಂದಕ್ಕೆ ಪಕ್ಕದೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ, ಇಲ್ಲಾಂದ್ರೆ ದಿನಾ ವ್ಯಾನಲ್ಲಿ ಹಾಸನಕ್ಕೆ ಹೋಗಿ ಬರೋ ಖಾಸಗಿ ಸ್ಕೂಲು. ಖಾಸಗಿಯವ್ರ ಗೇಟಲ್ಲಿ ದೊಡ್ಡ ಫ್ಲೆಕ್ಸು, ನವೋದಯಕ್ಕೆ ಸೆಲೆಕ್ಟ್ ಆದ ಮಕ್ಕಳ ಫೋಟೋ, ಅಬಾಕಸ್ ಮೆಡಲ್ಲು, ಕೆಳಗಡೆ ಸರ್ವಾಂಗೀಣ ವಿಕಾಸವೇ ನಮ್ಮ ಧ್ಯೇಯ ಅಂತ. ಸರ್ಕಾರಿ ಶಾಲೆ ಹೆಡ್ ಮೇಷ್ಟ್ರು ಪ್ರತಿಭಾ ಕಾರಂಜಿಲಿ ತಾಲೂಕಿಗೆ ಹೋದ ಮಕ್ಕಳ ಬಗ್ಗೆ ಒಂದೆರಡು ಮಾತು ಹೇಳಿದ್ರು ಅಷ್ಟೆ. ನಮ್ಮನೆಯವ್ರಿಗೆ ಫ್ಲೆಕ್ಸ್ ಕಂಡು ಅಲ್ಲೇ ಮನಸ್ಸು. ನನ್ನ ಮಗಳು ಮಾತು ಕಮ್ಮಿ, ಓದೋದ್ರಲ್ಲಿ ಮಧ್ಯದವಳು, ಭಿನ್ನರಾಶಿ ಅಂದ್ರೆ ಹೆದರ್ತಾಳೆ. ಇಂಥ ಮಗುಗೆ ಸ್ಕೂಲ್ ನೋಡುವಾಗ ಏನು ಕೇಳ್ಬೇಕು ಹೇಳಿ.

ಬೇಲೂರು_ನಿವೃತ್ತ_ಟೀಚರ್
ನೋಡಮ್ಮ, ನವೋದಯ ಪರೀಕ್ಷೆ ಮಕ್ಕಳು ಬರೆಯೋದೇ ಐದನೇ ಕ್ಲಾಸಲ್ಲಿ. ಪಾಸಾದೋರು ಆರಕ್ಕೆ ಮಾವಿನಕೆರೆ ನವೋದಯಕ್ಕೆ ಹೋಗ್ತಾರೆ, ಅಂದ್ರೆ ಆ ಫ್ಲೆಕ್ಸಲ್ಲಿರೋ ಮಕ್ಕಳು ಆ ಸ್ಕೂಲಿನ ಆರನೇ ಕ್ಲಾಸಲ್ಲಿ ಕೂತೇ ಇಲ್ಲ. ನೀವು ಸೇರಿಸ್ತಿರೋದು ಆರಕ್ಕೆ, ಆರು ಏಳು ಹೆಂಗೆ ನಡೆಯುತ್ತೆ ಅನ್ನೋದು ಆ ಫೋಟೋದಿಂದ ಗೊತ್ತಾಗಲ್ಲ. ಒಂದು ನವೋದಯಕ್ಕೆ ವರ್ಷಕ್ಕೆ 80 ಸೀಟು, ಅದ್ರಲ್ಲಿ ಕನಿಷ್ಠ 75 ಪರ್ಸೆಂಟ್ ಹಳ್ಳಿ ಮಕ್ಕಳಿಗೇ, ಪರೀಕ್ಷೆ ಕನ್ನಡದಲ್ಲೂ ಬರೀಬೋದು. ನಿಮ್ಮ ಮಗಳು ಐದರಲ್ಲೇ ಇದಾಳಲ್ಲ, ಅರ್ಜಿ ಹಾಕಿದೀರಾ? ಕೊನೆ ದಿನಾಂಕ ಮೊದ್ಲು ನೋಡ್ಕೊಳ್ಳಿ.

ಇನ್ನು ಕೇಳ್ಬೇಕಾದ್ದು, ಮಧ್ಯದಲ್ಲಿರೋ ಒಂದು ಮಗುವಿನ ಗಣಿತ ನೋಟ್ ಬುಕ್ಕು. ಫಸ್ಟ್ ರ‍್ಯಾಂಕ್ ಮಗುದು ತೋರಿಸೋಕೆ ಬರ್ತಾರೆ, ಅದು ಬೇಡ ಅನ್ನಿ. 1/2 ಕ್ಕೆ 1/3 ಕೂಡಿಸಿ 2/5 ಅಂತ ಬರೆಯೋ ಮಕ್ಕಳು ಎಲ್ಲಾ ಶಾಲೇಲೂ ಇರ್ತಾರೆ, ಮೇಲೆ ಮೇಲೆ ಕೆಳಗೆ ಕೆಳಗೆ ಕೂಡಿಸಿಬಿಡ್ತಾರೆ. ಅಲ್ಲಿ ಟೀಚರ್ ಬರೀ ಕೆಂಪಲ್ಲಿ ತಪ್ಪು ಅಂತ ಗೀಚಿದಾರಾ, ಇಲ್ಲಾ ಪಕ್ಕದಲ್ಲಿ "ಅರ್ಧಕ್ಕೆ ಇನ್ನೂ ಸೇರಿಸಿದ್ಮೇಲೆ ಅರ್ಧಕ್ಕಿಂತ ಕಮ್ಮಿ ಹೆಂಗಾಯ್ತು?" ಅಂತ ಬರ್ದು ಒಂದು ಪಟ್ಟಿ ಎಳೆದು ಭಾಗ ಮಾಡಿ ತೋರಿಸಿದಾರಾ, ಮುಂದಿನ ಪುಟದಲ್ಲಿ ಆ ಮಗು ಅದೇ ಥರದ ಲೆಕ್ಕ ಸರಿ ಮಾಡಿದೆಯಾ ನೋಡಿ. ನಾನು ಯಾವ ಶಾಲೆಗೆ ಹೋದ್ರೂ ಮೊದ್ಲು ನೋಡೋದು ಅದೇ.

ಮೂಡಿಗೆರೆ_ತೋಟದ_ಕಡೆ
ಟೀಚರ್ ಹೇಳಿದ್ದು ನಿಜ. ನಾನು ನಮ್ಮೂರ ಸರ್ಕಾರಿ ಶಾಲೆ ಎಸ್‌ಡಿಎಂಸಿಲಿ, ಅಂದ್ರೆ ಶಾಲೆ ನೋಡ್ಕೊಳ್ಳೋ ಸಮಿತಿಲಿ ಇದೀನಿ. ಅಕ್ಕ, ಪಕ್ಕದೂರಿನ ಸರ್ಕಾರಿ ಶಾಲೇಲಿ ಅವರ ಶಾಲೆ ಅಭಿವೃದ್ಧಿ ಯೋಜನೆ ತೋರ್ಸಿ ಅಂತ ಕೇಳಿ, 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಅದನ್ನ ಸಮಿತಿನೇ ಮಾಡ್ಬೇಕು, ಸಮಿತಿಲಿ ಮುಕ್ಕಾಲು ಭಾಗ ಅಪ್ಪ ಅಮ್ಮಂದಿರೇ ಇರ್ಬೇಕು. ಧ್ಯೇಯ ಅನ್ನೋದು ಅಲ್ಲಿ ಗೊತ್ತಾಗುತ್ತೆ. ನಮ್ಮಲ್ಲಿ ಕಾಫಿ ಹಣ್ಣು ಕುಯ್ಲು ಶುರು ಆಯ್ತು ಅಂದ್ರೆ ಲೈನ್ ಮನೆ (ತೋಟದ ಕೂಲಿಯವ್ರ ಸಾಲು ಮನೆ) ಹೆಣ್ಮಕ್ಕಳು ತಮ್ಮ ತಂಗೀರ್ನ ನೋಡ್ಕೊಳ್ಳೋಕೆ ಮನೇಲೇ ಉಳೀತಿದ್ರು, ಆರು ಏಳನೇ ಕ್ಲಾಸಲ್ಲಿ ಒಂದ್ಸಲ ತಿಂಗಳುಗಟ್ಲೆ ಬಿಟ್ರೆ ವಾಪಸ್ ಬರೋದೇ ಕಷ್ಟ. ಕುಯ್ಲಲ್ಲೂ ಹಾಜರಿ ಬೀಳಬಾರದು ಅಂತ ಯೋಜನೇಲಿ ಬರ್ಕೊಂಡ್ವಿ, ಮೇಷ್ಟ್ರು ಸಾಯಂಕಾಲ ಲೈನ್ ಮನೆಗೇ ಹೋಗಿ ಕೂತು ಮಾತಾಡಿದ್ರು, ಚಿಕ್ಕ ಮಕ್ಕಳ್ನ ಅಂಗನವಾಡಿಗೆ ಸೇರಿಸ್ದ್ವಿ, ಈಗ ಜನವರಿ ಹಾಜರಿ ಪುಸ್ತಕ ತೆಗೆದ್ರೆ ಆ ಹುಡ್ಗೀರ ಹೆಸರಿನ ಮುಂದೆ ಗೈರು ಹುಡುಕ್ಬೇಕು. ನಮ್ಮ ಶಾಲೆ ಸಾಧನೆ ಇದೇ ಅಂತ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ, ಯಾವ ಫ್ಲೆಕ್ಸಲ್ಲೂ ಹಾಕಿಲ್ಲ.

ಕಡೂರ್_ಅಣ್ಣ
ಎಲ್ಲಾ ಸರಿ, ಆದ್ರೆ ಪರೀಕ್ಷೆ ಸಾಧನೆನ ತೀರಾ ತಳ್ಳಿ ಹಾಕ್ಬೇಡಿ, ಬಡವರ ಮನೆಗೆ ಅದು ದುಡ್ಡಿನ ವಿಷ್ಯ. ಎಂಟನೇ ಕ್ಲಾಸಲ್ಲಿ ಎನ್‌ಎಂಎಂಎಸ್ ಅನ್ನೋ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ ಬರ್ದು ಆಯ್ಕೆ ಆದ್ರೆ ಒಂಬತ್ತರಿಂದ ಸೆಕೆಂಡ್ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ ಬರುತ್ತೆ. ಮನೆ ಆದಾಯ ಮೂರೂವರೆ ಲಕ್ಷದೊಳಗಿರ್ಬೇಕು, ಏಳನೇದ್ರಲ್ಲಿ 55 ಪರ್ಸೆಂಟ್ ಬೇಕು, ಎಸ್‌ಸಿ ಎಸ್‌ಟಿಗೆ 5 ಕಮ್ಮಿ. ಮುಖ್ಯವಾದ್ದು, ಸರ್ಕಾರಿ ಇಲ್ಲಾ ಅನುದಾನಿತ ಶಾಲೆ ಮಕ್ಕಳಿಗೆ ಮಾತ್ರ, ಅನುದಾನ ಇಲ್ದಿರೋ ಖಾಸಗೀಲಿ ಓದ್ತಿದ್ರೆ ಇಲ್ಲ. ಇದನ್ನ ನಿಮ್ಮ ಮನೆಯವ್ರಿಗೆ ಹೇಳಿ. ಪಕ್ಕದೂರಿನ ಶಾಲೆ ಏಳಕ್ಕೆ ನಿಲ್ಲುತ್ತಾ ಎಂಟು ಇದೆಯಾ, ಆಮೇಲೆ ಹೈಸ್ಕೂಲ್ ಎಷ್ಟು ದೂರ, ಜುಲೈ ಮಳೇಲಿ ಆ ದಾರಿ ಹೆಂಗಿರುತ್ತೆ, ಅದೂ ಈಗಲೇ ವಿಚಾರಿಸಿ.

ಆಲೂರ್_ಅಮ್ಮ
ತುಂಬಾ ಥ್ಯಾಂಕ್ಸ್, ಎನ್‌ಎಂಎಂಎಸ್ ವಿಷ್ಯ ಕೇಳಿ ಮನೆಯವ್ರೂ ಸುಮ್ನಾದ್ರು. ಟೀಚರ್, ಬೇರೆ ಮಗು ನೋಟ್ ಬುಕ್ ಹೊರಗಿನವ್ರಿಗೆ ತೋರಿಸ್ತಾರಾ?

ಬೇಲೂರು_ನಿವೃತ್ತ_ಟೀಚರ್
ಹೆಸರಿರೋ ರಟ್ಟು ಮಡಚಿ ಕೊಡಿ ಅನ್ನಿ, ಎರಡೂ ಕಡೆ ಕೇಳಿ. ಹೋಗುವಾಗ ಮಗಳನ್ನೂ ಕರ್ಕೊಂಡು ಹೋಗಿ, ಟೀಚರ್ ನಿಮ್ ಜೊತೆ ಮಾತ್ರ ಮಾತಾಡ್ತಾರಾ ಅವಳನ್ನೂ ಮಾತಾಡಿಸ್ತಾರಾ ನೋಡಿ.