ಇಂಗ್ಲಿಷಲ್ಲಿ "ಎಕ್ಸ್‌ಪೋಸ್ಡ್ ಟು" ಬರೆಯೋದು ಹೇಗೆ? ಉಣುಗಿನ ರಿಪೋರ್ಟಲ್ಲಿ ಸಿಕ್ಕಾಕೊಂಡಿದೀನಿ

ತೀರ್ಥಹಳ್ಳಿ_ಕಡೆಯವಳು:
ಎಲ್ರಿಗೂ ನಮಸ್ಕಾರ. ನಾನು ಹಳ್ಳಿ ಆಸ್ಪತ್ರೇಲಿ ಡೇಟಾ ಎಂಟ್ರಿ ಮಾಡ್ತೀನಿ, ಆಶಾ ಅಕ್ಕಂದಿರು ಮನೆಮನೆಗೆ ಹೋಗಿ ಕನ್ನಡದಲ್ಲಿ ಬರ್ಕೊಂಡು ಬಂದಿದ್ದನ್ನ ಇಂಗ್ಲಿಷಲ್ಲಿ ಕಂಪ್ಯೂಟರಿಗೆ ಹಾಕೋದು ನನ್ನ ಕೆಲ್ಸ. ಈಗ ಉಣುಗು (ಉಣ್ಣೆ, ಇಂಗ್ಲಿಷಲ್ಲಿ ಟಿಕ್) ಕಚ್ಚಿ ಬರೋ ಮಂಗನ ಕಾಯಿಲೆ ಸೀಸನ್ ಬೇರೆ. ಮೊನ್ನೆ ಒಬ್ರು ಅಜ್ಜೀದು ಬಂತು, ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರೋಕೆ ಕಾಡಿಗೆ ಹೋಗಿದ್ರು, ಮೈಮೇಲೆ ಉಣುಗು ಹತ್ತಿತ್ತು ಅಂತ. ನಾನು "ಶೀ ಎಕ್ಸ್‌ಪೋಸ್ಡ್ ದ ಟಿಕ್ಸ್" ಅಂತ ಹಾಕಿದ್ದೆ. ಡಾಕ್ಟ್ರು ನೋಡಿ, ಇದ್ರ ಅರ್ಥ ಅಜ್ಜಿ ಉಣುಗಿನ ಗುಟ್ಟು ಬಯಲು ಮಾಡಿದ್ರು ಅಂತಾಗುತ್ತೆ, ಸರಿ ಮಾಡಮ್ಮ ಅಂದ್ರು. ಹೊರಗೆ ಕ್ಯೂ ಇತ್ತು, ಹೆಂಗೆ ಅಂತ ಕೇಳೋಕಾಗ್ಲಿಲ್ಲ. ಹತ್ತಿದ್ದು ಉಣುಗು ತಾನೆ, ಹಂಗಾದ್ರೆ ಉಣುಗೇ ಮೊದ್ಲು ಬರಬೇಕಲ್ವಾ? ಸರಿಯಾಗಿ ತಿಳ್ಕೊಬೇಕು ಅಂತಿದೆ, ಯಾರಾದ್ರೂ ಹೇಳಿ ಪ್ಲೀಸ್.

ಸಾಗರದ_ಮೇಷ್ಟ್ರು:
ತಂಗಿ, ಒಳ್ಳೆ ಪ್ರಶ್ನೆ, ಮೂವತ್ತು ವರ್ಷ ಪಾಠ ಮಾಡಿದೀನಿ, ಈ ತಪ್ಪು ಪ್ರತಿ ಬ್ಯಾಚಲ್ಲೂ ನೋಡಿದೀನಿ. ಬರೀ "ಎಕ್ಸ್‌ಪೋಸ್" ಅಂದ್ರೆ ಮುಚ್ಚಿಟ್ಟಿದ್ದನ್ನ ತೆರೆಯೋದು, ಪೇಪರ್‌ನೋರು ಹಗರಣ ಎಕ್ಸ್‌ಪೋಸ್ ಮಾಡ್ತಾರಲ್ಲ ಆ ಥರ. ನಿನಗೆ ಬೇಕಾಗಿರೋದು "ವಾಸ್ ಎಕ್ಸ್‌ಪೋಸ್ಡ್ ಟು". "ವಾಸ್" ಬಿಟ್ರೆ ಅಜ್ಜಿ ಏನೋ ಮಾಡಿದ ಹಾಗಾಗುತ್ತೆ, ಹಾಕಿದ್ರೆ ಅಜ್ಜಿಗೆ ಆದ ಹಾಗೆ. "ಟು" ನೆನಪಿಟ್ಕೊಳೋಕೆ ನಮ್ಮ "ಗೆ" ಸಾಕು: ಬಿಸಿಲಿಗೆ ಬೆನ್ನು ಒಡ್ಡಿದ, ಚಳಿಗೆ ಮೈ ಒಡ್ಡಿದ, ಆ "ಗೆ"ನೇ ಅಲ್ಲಿ "ಟು". "ವಿತ್", "ಫ್ರಮ್" ಹಾಕ್ಬೇಡ.
ಆದ್ರೆ ಒಂದು ವ್ಯತ್ಯಾಸ ಇದೆ. ಕನ್ನಡದಲ್ಲಿ ಒಡ್ಡೋದು ನಾವಾಗೇ ಮಾಡೋದು, ತಾಗೋದು ತಾನಾಗೇ ಆಗೋದು, ಮಳೆಗೆ ಸಿಕ್ಕೋದು ಇನ್ನೊಂದು. ಇಂಗ್ಲಿಷಿನ "ಬಿ ಎಕ್ಸ್‌ಪೋಸ್ಡ್ ಟು" ಯಾರು ಮಾಡಿದ್ರು ಅಂತ ಹೇಳೋದೇ ಇಲ್ಲ, ಎದುರಿಗೆ ಬಂತು, ನಡುವೆ ಮರೆ ಇರ್ಲಿಲ್ಲ ಅಂತಷ್ಟೆ. ಕೆಟ್ಟದ್ದೇ ಆಗ್ಬೇಕು ಅಂತಾನೂ ಇಲ್ಲ, ಮಗು ಮನೇಲಿ ಎರಡು ಭಾಷೆಗೆ ಎಕ್ಸ್‌ಪೋಸ್ ಆಗಿದೆ ಅಂತಾರಲ್ಲ. ಇನ್ನೊಂದು ಜೋಪಾನ, "ಹೀ ಎಕ್ಸ್‌ಪೋಸ್ಡ್ ಹಿಮ್‌ಸೆಲ್ಫ್" ಅಂತ ಅಲ್ಲಿಗೇ ನಿಲ್ಲಿಸ್ಬೇಡ, ಅಸಭ್ಯವಾಗಿ ಬಟ್ಟೆ ಸರಿಸಿದ ಅಂತ ಅರ್ಥ ಬರುತ್ತೆ. ಮುಂದೆ "ಟು ದ ಸನ್" ಅಂತೇನಾದ್ರೂ ಇರ್ಲೇಬೇಕು.

ಅಡಿಕೆ_ತೋಟ_ಹೊಸನಗರ:
ಮೇಷ್ಟ್ರು ಹೇಳಿದ್ದು ಸರಿ. ನಂದೊಂದು ಸೇರಿಸ್ತೀನಿ, "ಕಾಂಟ್ಯಾಕ್ಟ್" ಬೇರೆ "ಎಕ್ಸ್‌ಪೋಷರ್" ಬೇರೆ. ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ಅಂತ ಮೈಲುತುತ್ತ ಸುಣ್ಣದ ಔಷಧಿ ಹೊಡೆಸ್ತೀವಲ್ಲ, ಬ್ಯಾರಲ್ಲಲ್ಲಿ ಕಲೆಸೋನ ಕೈಗೆ ಹತ್ತೋದು ಕಾಂಟ್ಯಾಕ್ಟ್, ಆದ್ರೆ ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡನ ಕಣ್ಣು ಮೂಗಿಗೆ ತುಂತುರು ಬಡಿಯುತ್ತಲ್ಲ, ಸಂಜೆ ಇಳಿದಾಗ ಹುಬ್ಬೆಲ್ಲ ನೀಲಿ ಆಗಿರುತ್ತೆ, ಅದೂ ಎಲ್ಲ ಸೇರಿ ಎಕ್ಸ್‌ಪೋಷರ್. ಮುಟ್ಟದೇ ಇದ್ರೂ ಉಸಿರಲ್ಲಿ ಹೋದ್ರೆ ಅದೂ ಎಕ್ಸ್‌ಪೋಷರೇ. ನಮ್ಮಲ್ಲಿ ಇದಕ್ಕೆ ಒಂದೇ ಮಾತಿಲ್ಲ, "ಔಷಧಿ ಗಾಳಿ ತಾಗಿದೆ" ಅಂತೀವಿ.

ಫೀಲ್ಡ್_ಸ್ಟಾಫ್:
ತಂಗಿ, ನಾನೂ ಇದೇ ಕೆಲ್ಸದಲ್ಲಿರೋನು, ಹಾಗಾಗಿ ಸ್ವಲ್ಪ ಒತ್ತಿ ಹೇಳ್ತೀನಿ. "ಎಕ್ಸ್‌ಪೋಸ್ಡ್" ಅಂದ್ರೆ ಕಚ್ಚಿದೆ ಅಂತಲ್ಲ, "ಬಿಟನ್" ಅಂದ್ರೆ ಕಚ್ಚಿದೆ, "ಇನ್‌ಫೆಕ್ಟೆಡ್" ಅಂದ್ರೆ ವೈರಸ್ ಒಳಗೆ ಹೋಗಿ ಸೇರ್ಕೊಂಡಿದೆ ಅಂತ. ಮೂರನ್ನೂ ಕಲೆಸ್ಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಕಾಯಿಲೆ ಇದು, ಕಚ್ಚಿದ್ಮೇಲೆ ಸಾಮಾನ್ಯವಾಗಿ 3ರಿಂದ 8 ದಿನದೊಳಗೆ ಜ್ವರ ಬರುತ್ತೆ, ಅದಕ್ಕೇ ಕಾಡಿಗೆ ಹೋದ ತಾರೀಕು ಕೇಳೋದು. ಡೇಟ್ ಆಫ್ ಎಕ್ಸ್‌ಪೋಷರ್ ಅಂತ ಕಾಲಂ ಇದ್ರೆ ಅಜ್ಜಿ ದರಗಿಗೆ ಹೋದ ದಿನ ಹಾಕಿ, ಆಶಾ ಅಕ್ಕ ಬರ್ಕೊಂಡ ದಿನ ಅಲ್ಲ. ಉಣುಗು ಮೈಮೇಲೆ ಹರೀತಿತ್ತಾ ಅಥವಾ ಕಚ್ಚಿ ಹಿಡ್ಕೊಂಡಿತ್ತಾ, ಅದನ್ನ ಅಜ್ಜಿನೇ ಕೇಳಿ. ಊಹೆ ಮೇಲೆ ಬರೀಬೇಡಿ.

ತೀರ್ಥಹಳ್ಳಿ_ಕಡೆಯವಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಮೇಷ್ಟ್ರ "ಗೆ" ಲೆಕ್ಕ ಇನ್ನು ಮರೆಯಲ್ಲ. ಆಶಾ ಅಕ್ಕಂಗೆ ಫೋನ್ ಮಾಡಿದೆ, ಅವ್ರು ಅಜ್ಜಿ ಮನೆಗೆ ಮತ್ತೆ ಹೋಗಿ ಕೇಳ್ಕೊಂಡು ಬಂದ್ರು. ಕಿವಿ ಹಿಂದೆ ಒಂದು ಕಚ್ಕೊಂಡಿತ್ತಂತೆ, ಸೊಸೆ ಕಿತ್ತು ಒಲೆಗೆ ಹಾಕಿದ್ರಂತೆ. ಹಾಗಾಗಿ "ಶೀ ವಾಸ್ ಎಕ್ಸ್‌ಪೋಸ್ಡ್ ಟು ಟಿಕ್ಸ್ ವೈಲ್ ಕಲೆಕ್ಟಿಂಗ್ ಡ್ರೈ ಲೀವ್ಸ್, ಆಂಡ್ ವಾಸ್ ಬಿಟನ್ ಬಿಹೈಂಡ್ ದ ಇಯರ್" ಅಂತ ಹಾಕಿದೀನಿ, ತಾರೀಕೂ ಸರಿ ಮಾಡಿದೀನಿ. ಇವತ್ತಿಗೆ 6ನೇ ದಿನ, ಜ್ವರ ಇಲ್ಲ. ಅಕ್ಕ ದಿನಾ ಹೋಗಿ ನೋಡ್ಕೊಂಡು ಬರ್ತಿದಾರೆ.